ನಮ್ಮ ಹಿತ್ತಲ ರೈಲಿನ ನಿಲುಗಡೆಗಳು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವನಲ್ಲ. ಮೂವತ್ತೊಂದು ವರ್ಷ ಬೆಳಗಾವಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡಿದವನು. ಲೇಥ್ ಎಂದರೆ ಕಬ್ಬಿಣವನ್ನು ತಿರುಗಿಸುತ್ತ ಕೊರೆದು ದುಂಡಗೆ ಮಾಡುವ ಯಂತ್ರ. ಗೊತ್ತಿದ್ದವರಿಗೆ ಮತ್ತೆ ಹೇಳಿದ್ದಕ್ಕೂ ಕ್ಷಮೆ ಇರಲಿ. ನಾನು ನಗುವ ಸಂಗತಿ ಹೇಳಲು ಕೂತರೆ ಕೇಳುವವರು ಎದ್ದು ಹೋಗುವ ಹೊತ್ತಿಗೂ ಇನ್ನೂ ಪೀಠಿಕೆಯಲ್ಲೇ ಇರುತ್ತೇನೆ ಎಂದು ನಮ್ಮ ಮನೆಯಾಕೆ ಹೇಳುತ್ತಾಳೆ. ಆದರೆ ಹಿತ್ತಲಲ್ಲಿ ರೈಲು ಇಟ್ಟುಕೊಂಡವರ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ, ನಾನೇನು ಮಾಡಲಿ.

ರೈಲು ಎಂದರೆ ಖರೇ ರೈಲು, ಸಣ್ಣದು. ಎರಡು ಹಳಿಗಳ ನಡುವೆ ಒಂದು ಗೇಣು ಜಾಗ. ಬ್ಯಾಟರಿಯ ಇಂಜಿನ್ನು, ಹಿಂದೆ ಮೂರು ಡಬ್ಬಿ. ಡಬ್ಬಿಯ ಒಳಗಲ್ಲ, ಮೇಲೆ ಕೂರಬೇಕು. ಖಾನಾಪುರದ ನಮ್ಮ ಮನೆಯ ಹಿತ್ತಲನ್ನು ಅದು ಒಂದು ಸುತ್ತು ಹಾಕುತ್ತದೆ. ನೌಕರಿಯಲ್ಲಿದ್ದಷ್ಟು ದಿನ ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲೇ ಓಡಾಡಿದೆ. ನಿವೃತ್ತನಾದ ಮೇಲೆ ಅದೊಂದೇ ನೆನಪಾಗತೊಡಗಿತು. ಯಾರ ಮಕ್ಕಳ ಸಲುವಾಗಿ ಮಾಡುತ್ತಿದ್ದೀರಿ ಎಂದು ಎಲ್ಲರೂ ಕೇಳಿದರು. ನನ್ನ ಸಲುವಾಗಿಯೇ ಎಂದು ಹೇಳಲು ನಾಚಿಕೆಯಾಗಿ, ಹೀಗೇ ಸುಮ್ಮನೆ ಎಂದೆ.

ಮನೆಯಾಕೆ ಬೇಡ ಅನ್ನಲಿಲ್ಲ. ಒಂದೇ ಕರಾರು ಹಾಕಿದಳು: "ಏನರ ಮಾಡ್ಕೊಳ್ರಿ. ಆದ್ರ ನಮ್ಮ ವಚನದ ಬಳಗದ ಅಕ್ಕಂದಿರ ಮುಂದ ಇದರಿಂದ ನನ್ನ ಮಾನ ಹೋತಂದ್ರ, ಮರುದಿನ ಮುಂಜಾನೆ ಮೋಡಕಾದವನ್ನ ಕರದು ತೂಕಕ್ಕ ಹಾಕ್ತೀನಿ." ಮೋಡಕಾದವನು ಎಂದರೆ ಹಳೆ ಕಬ್ಬಿಣ ಕೊಳ್ಳುವವನು. ಆಕೆ ಹೇಳಿದ್ದನ್ನು ಮಾಡದೆ ಬಿಟ್ಟದ್ದು ನನಗೆ ನೆನಪಿಲ್ಲ. ಆದ್ದರಿಂದ ಮುಂದಿನದನ್ನೆಲ್ಲ ಓದುವಾಗ ಈ ಕರಾರನ್ನು ದಯವಿಟ್ಟು ಗಮನದಲ್ಲಿಡಿ.

೧. ಹೊಸ ಲೈನು

ಹಳಿಗೆ ಕಬ್ಬಿಣದ ಪಟ್ಟಿ ಬೇಕಿತ್ತು. ಪಟ್ಟಿಯನ್ನು ಮಲಗಿಸದೆ ನಿಲ್ಲಿಸಿ ಕೂಡಿಸಿದರೆ ಹಳಿಯಾಗುತ್ತದೆ. ಬೆಳಗಾವಿಯ ರವಿವಾರ ಪೇಟೆಯ ಒಂದು ಅಂಗಡಿಗೆ ಹೋದೆ. ಅಣ್ಣ ತಮ್ಮ ಇಬ್ಬರ ಅಂಗಡಿ. ತಮ್ಮ ಗಲ್ಲೆಯ ಮೇಲಿದ್ದ. ಇಷ್ಟು ಪಟ್ಟಿ ಯಾತಕ್ಕೆ, ಕಿಟಕಿಯ ಗ್ರಿಲ್ಲಿಗೇ ಎಂದು ಕೇಳಿದ. ಸುಳ್ಳು ಯಾಕೆ ಹೇಳಲಿ, ರೈಲ್ವೆ ಲೈನಿಗೆ ಎಂದೆ.

ಆತ ತಟ್ಟನೆ ಎದ್ದು ನಿಂತು ಒಳಗಿದ್ದ ಅಣ್ಣನನ್ನು ಕರೆದ. ರೈಲ್ವೆಯವರು ಬಂದಿದ್ದಾರೆ ಎಂದ. ಕುರ್ಚಿ ಬಂತು, ಫ್ಯಾನು ನನ್ನ ಕಡೆ ತಿರುಗಿತು, ಚಹಾ ಬಂತು. ನಾನು ಗುತ್ತಿಗೆದಾರನಲ್ಲ ಎಂದು ವಿವರಿಸಲು ಬಾಯಿ ತೆರೆದೆ, ಆದರೆ ಚಹಾ ಬಿಸಿ ಇತ್ತು. ಅಷ್ಟರಲ್ಲಿ ಅಣ್ಣ ಬಹಳ ಮರ್ಯಾದೆಯಿಂದ, ಹೊಸ ಲೈನು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದ.

"ಖಾನಾಪುರದಾಗರಿ. ಅರಿವಿ ಒಗಿಯೋ ಕಲ್ಲಿನಿಂದ ಹಲಸಿನ ಗಿಡದ ತನಕ. ಅಲ್ಲಿಂದ ಹೊಳ್ಳಿ ಬರತೈತಿ," ಎಂದೆ.

ತಮ್ಮ ಫ್ಯಾನನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ. ಅಣ್ಣ ಮಾತ್ರ ನಗಲಿಲ್ಲ. ಅವನು ಖರೇ ವ್ಯಾಪಾರಿ. ಹಾಳೆಯ ಮೇಲೆ ಲೆಕ್ಕ ಹಾಕಿ, "ಸಿಂಗಲ್ ಲೈನ್ ಯಾಕ ಮಾಡ್ತೀರಿ, ಡಬ್ಬಲ್ ಮಾಡ್ರಿ. ಮುಂದ ಗದ್ದಲ ಹೆಚ್ಚಾಗತೈತಿ," ಎಂದ.

೨. ನಿಂಬೆಹಣ್ಣು

ಹೊಸ ಗಾಡಿ ಬಂದರೆ ಪೂಜೆ ಮಾಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಗಾಡಿ ಹಾಯಿಸುವುದು ಪದ್ಧತಿ. ಇದು ನಿಮಗೂ ಗೊತ್ತು. ಗೊತ್ತಿಲ್ಲದ್ದು ನನಗೆ: ಪದ್ಧತಿ ಹುಟ್ಟಿದ್ದು ದೊಡ್ಡ ಗಾಲಿಗಳಿಗೆ. ನಮ್ಮ ಇಂಜಿನ್ನಿನ ಗಾಲಿ ಒಂದು ಚಹಾ ಬಶಿಯಷ್ಟು. ಅದರ ಮುಂದೆ ನಿಂಬೆಹಣ್ಣು ಎಂದರೆ ನಮ್ಮ ಮುಂದೆ ಒಂದು ಬಂಡೆ.

ಪೂಜೆಗೆ ಕರೆಸಿದ್ದ ಅಯ್ಯನವರು ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು, ಕಾಯಿ ಒಡೆದರು. ಹಳಿಯ ಮೇಲೆ ನಿಂಬೆಹಣ್ಣು ಇಟ್ಟು, ಹೂಂ, ಬಿಡ್ರಿ ಅಂದರು. ಬಿಟ್ಟೆ. ಇಂಜಿನ್ನು ನಿಂಬೆಹಣ್ಣನ್ನು ಒಡೆಯಲಿಲ್ಲ, ನೂಕಿತು. ಅದು ಉರುಳುತ್ತ ಉರುಳುತ್ತ ಮುಂದೆ, ನಾನು ಹಿಂದೆ. ಎಂಟು ಹೆಜ್ಜೆ ಹೋಗಿ ತಾನೇ ಬದಿಗೆ ಬಿತ್ತು. ಇದು ನಡೆಯುವುದಿಲ್ಲ ಎಂದರು ಅಯ್ಯನವರು. ಎರಡನೆಯ ಸಲ ಹಣ್ಣು ಸರಿಯದಂತೆ ಕಲ್ಲಿನ ಚೂರು ಕೊಟ್ಟೆವು. ಈ ಸಲ ಇಂಜಿನ್ನು ಹಣ್ಣನ್ನು ಹತ್ತಿತು, ಇಳಿಯುವಾಗ ಹಳಿಯ ಮೇಲೆ ಇಳಿಯದೆ ಮೆಂತ್ಯದ ಮಡಿಯಲ್ಲಿ ಇಳಿಯಿತು. ಹಣ್ಣಿಗೆ ಗೀರು ಕೂಡ ಬಿದ್ದಿರಲಿಲ್ಲ. ಭಾರ ಸಾಲದು ಎಂದು ಮೂರನೆಯ ಸಲ ಅಯ್ಯನವರೇ ಇಂಜಿನ್ನಿನ ಮೇಲೆ ಕುಳಿತರು. ಆಗ ಇಂಜಿನ್ನು ಹಣ್ಣಿಗೆ ಗಾಲಿ ಆನಿಸಿ ಗುಂಯ್ ಎಂದಿತೇ ಹೊರತು ಅದನ್ನು ಹತ್ತಲೂ ಇಲ್ಲ, ಒಡೆಯಲೂ ಇಲ್ಲ.

ನಿಂಬೆಹಣ್ಣು ಒಡೆಯದೆ ಹೋಗುವುದು ಅಪಶಕುನ ಎಂದು ಅವರು, ಒಡೆದರೆ ಗಾಲಿ ಮುರಿಯುತ್ತದೆ ಎಂದು ನಾನು. ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ಹೊತ್ತು ನೋಡಿದಳು, ಅನ್ನ ಆರುತ್ತಿದೆ ಅಂದಳು. ಅಯ್ಯನವರು ಒಂದು ನಿಮಿಷ ಕಣ್ಣು ಮುಚ್ಚಿ, ಎದ್ದು, ಪೂಜೆಗೆ ತಂದಿದ್ದ ನಾಲ್ಕೂ ನಿಂಬೆಹಣ್ಣು ಆರಿಸಿಕೊಂಡು ಅಂಗಳಕ್ಕೆ ಹೋದರು. ಅಲ್ಲಿ ನಿಲ್ಲಿಸಿದ್ದ ತಮ್ಮ ಮೋಟರ್‌ಸೈಕಲ್ಲಿನ ಗಾಲಿಯ ಕೆಳಗಿಟ್ಟು ಒಂದೊಂದಾಗಿ ಒಡೆದು, ಪೂಜೆ ಸಾಂಗವಾಯಿತು ಎಂದು ಒಳಗೆ ಬಂದು ಊಟಕ್ಕೆ ಕುಳಿತರು. ಲೆಕ್ಕ ಪ್ರಕಾರ ಅವತ್ತು ಪೂಜೆಯಾದದ್ದು ಅವರ ಗಾಡಿಗೆ. ನಮ್ಮದು ಇನ್ನೂ ಹಾಗೇ ಓಡುತ್ತಿದೆ.

೩. ಗೇಟು

ಅಡಿಗೆ ಮನೆಯ ಹಿಂಬಾಗಿಲಿನಿಂದ ಒಗೆಯುವ ಕಲ್ಲಿಗೆ ಹೋಗುವ ದಾರಿ ನನ್ನ ಲೈನನ್ನು ಹಾಯ್ದು ಹೋಗುತ್ತದೆ. ಸುರಕ್ಷತೆಗೆಂದು ಅಲ್ಲಿ ಒಂದು ಬಿದಿರಿನ ಗೇಟು ಮಾಡಿದೆ. ಹಗ್ಗ ಬಿಟ್ಟರೆ ಇಳಿಯುತ್ತದೆ, ಎಳೆದರೆ ಏಳುತ್ತದೆ. ರೈಲು ಬರುವ ಬಹಳ ಮೊದಲೇ ಗೇಟು ಹಾಕಬೇಕು, ಊರಿನ ದೊಡ್ಡ ಗೇಟಿನಲ್ಲೂ ಹಾಗೇ ತಾನೇ.

ಮೊದಲನೆಯ ದಿನ ಮನೆಯಾಕೆ ಹಿಂಡಿದ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ಕಲ್ಲಿನ ಕಡೆಯಿಂದ ಬಂದಳು. ಗೇಟು ಹಾಕಿತ್ತು. ರೈಲು ಇನ್ನೂ ಹಲಸಿನ ಗಿಡದ ಹಿಂದಿತ್ತು. ನಾನು ದೂರದಿಂದಲೇ ಕೈ ಮಾಡಿ ನಿಲ್ಲು ಎಂದೆ. ಆಕೆ ನಿಂತಳು, ಜಗಳ ಮಾಡಲಿಲ್ಲ. ಬೇರೆಯವರ ಹಾಗೆ ಬಗ್ಗಿ ಕೆಳಗಿನಿಂದ ನುಸುಳಲೂ ಇಲ್ಲ. ಬಕೆಟ್ಟು ಕೆಳಗಿಟ್ಟು, ಬಿದಿರನ್ನು ಒಮ್ಮೆ ಅಳ್ಳಾಡಿಸಿ ಗಟ್ಟಿ ಇದೆಯೇ ನೋಡಿ, ಒಂಬತ್ತು ಗಜದ ಸೀರೆಯನ್ನು ಉದ್ದಕ್ಕೂ ಅದರ ಮೇಲೆ ಹರವಿದಳು. ಅದರ ಬಾಜುವಿಗೆ ನನ್ನ ಎರಡು ಅಂಗಿ.

ಗೇಟಿಗೂ ಹಳಿಗೂ ಒಂದು ಗೇಣೂ ಅಂತರವಿಲ್ಲ, ಸೀರೆ ಗಾಳಿಗೆ ಹಳಿಯ ಮೇಲೆ ಹಾರುತ್ತಿತ್ತು. ರೈಲು ಬಿಟ್ಟರೆ ಸೀರೆ ಗಾಲಿಗೆ, ಗೇಟು ಎತ್ತಿದರೆ ಒಗೆದ ಬಟ್ಟೆ ಮಣ್ಣಿಗೆ. ಹೀಗಾಗಿ ಅವತ್ತು ರೈಲು ಮಧ್ಯಾಹ್ನ ಎರಡೂವರೆಯ ತನಕ ನಿಂತಿತು. ಮೋಡವಿದ್ದರೆ ಇನ್ನೂ ತಡವಾಗುತ್ತಿತ್ತು.

೪. ಮೇಲಿನವರ ಆರ್ಡರು

ನಮ್ಮ ಗೋಡೆಯ ಆಚೆ ಒಬ್ಬ ಚಾಚಾ ಇದ್ದಾರೆ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಅಂದರೆ ಹಳಿಯ ಗುಂಟ ನಡೆದು ಹಳಿ ಸರಿ ಇದೆಯೇ ನೋಡುವ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಹಳಿ ಕೂಡಿಸುವಾಗ ಗೋಡೆಯ ಮೇಲೆ ಗದ್ದ ಊರಿ ನೋಡುತ್ತಿದ್ದರು. ನಾನು ಲೇಥಿನವನು, ಕೂದಲೆಳೆಯಷ್ಟೂ ಸಂದು ಇರದ ಹಾಗೆ ಹಳಿಗೆ ಹಳಿ ಒತ್ತಿ ಬೆಸುಗೆ ಹಾಕಿದ್ದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ.

"ಮಿಸ್ತ್ರಿ, ಸಂದು ಬಿಡು. ಬಿಸಿಲಿಗೆ ಕಬ್ಬಿಣಾನೂ ಮೈ ಮುರೀತೈತಿ," ಎಂದರು. ಸಣ್ಣ ಲೈನಿಗೆ ಅದೆಲ್ಲ ಬೇಕಾಗಿಲ್ಲ ಎಂದು ನಾನು ಲೆಕ್ಕ ಹೇಳಿದೆ. ಅವರು ಹೂಂ ಎಂದರು.

ಯುಗಾದಿ ಮುಗಿದ ವಾರ, ಒಂದು ಮಧ್ಯಾಹ್ನ ಹಿತ್ತಲಿಗೆ ಹೋಗಿ ನೋಡಿದರೆ ನನ್ನ ನೆಟ್ಟನೆಯ ಲೈನು ಪಪ್ಪಾಯಿ ಗಿಡದ ಬುಡದಲ್ಲಿ ಹಾವಿನ ಹಾಗೆ ಸೊಟ್ಟಗಾಗಿ ಮಲಗಿತ್ತು. ಚಾಚಾ ಗೋಡೆಯ ಆಚೆಯಿಂದ ಅದನ್ನು ನೋಡಿದರು. ಒಳಗೆ ಹೋಗಿ, ನೌಕರಿ ಕಾಲದ ಕೆಂಪು ಬಾವುಟ ತಂದು ಗೋಡೆಯ ಮೇಲೆ ಸಿಕ್ಕಿಸಿದರು. ನಾನು ಎಂಟು ದಿನ ಹಳಿ ಕತ್ತರಿಸಿ ಸಂದು ಬಿಟ್ಟು ಮತ್ತೆ ಕೂಡಿಸಿದೆ. ಅವರು ಈ ಕಡೆ ಬಂದು, ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಕೇಳಿ, ತಲೆ ಆಡಿಸಿದರು. ಬಾವುಟ ಮಾತ್ರ ತೆಗೆಯಲಿಲ್ಲ. ಎಲ್ಲ ಸರಿ ಇದ್ದರೆ ಹಸಿರು ಯಾವಾಗ ಎಂದು ಕೇಳಿದೆ.

"ನನ್ನ ಕೈಯಾಗ ಏನೈತಿ ಮಿಸ್ತ್ರಿ, ಮೇಲಿನವರ ಆರ್ಡರ್ ಬರಬೇಕು."

ಮೇಲಿನವರು ಯಾರು ಎಂದೆ. ಚಾಚಾ ನಮ್ಮ ಅಡಿಗೆ ಮನೆಯ ಕಡೆ ಬೆರಳು ತೋರಿಸಿದರು. ಸಂಡಿಗೆ ಒಣಗುವ ತನಕ ಧೂಳು ಏಳಬಾರದು ಎಂದು ಅಲ್ಲಿಂದ ಮೊದಲೇ ಹೇಳಿ ಕಳಿಸಿದ್ದರಂತೆ.

೫. ಕ್ರಾಸಿಂಗು

ಇದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ನನ್ನ ರೈಲು ಉಳಿಯುವುದೋ ಮೋಡಕಾಕ್ಕೆ ಹೋಗುವುದೋ ಎಂಬುದು ಅವತ್ತೇ ತೀರ್ಮಾನವಾದದ್ದು.

ನಮ್ಮ ಓಣಿಯ ಅಕ್ಕಂದಿರ ಬಳಗದವರು ಪ್ರತಿ ಸೋಮವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ವಚನ ಹಾಡುತ್ತಾರೆ. ಪಾಳಿ ನಮ್ಮ ಮನೆಗೆ ಬಂತು. ರೈಲಿನ ಮೇಲೆ ತಾಡಪಾಲು ಹೊದಿಸಿರಿ, ಕೇಳಿದರೆ ಕೆಟ್ಟಿದೆ ಎನ್ನಿರಿ, ಎಂದು ನನಗೆ ಮುಂಜಾನೆಯೇ ಅಪ್ಪಣೆಯಾಗಿತ್ತು. ಹೊದಿಸಿದೆ. ಆದರೆ ಬಂದ ಒಂಬತ್ತು ಜನ ಪಡಸಾಲೆಯಲ್ಲಿ ಕೂರಲೇ ಇಲ್ಲ, ನೆಟ್ಟಗೆ ಹಿತ್ತಲಿಗೆ ನಡೆದರು. ಬಳಗದ ಹಿರಿಯಕ್ಕನಿಗೆ ಎಪ್ಪತ್ತು ದಾಟಿದೆ. ಅವರೇ ತಾಡಪಾಲು ಎಳೆದು, ಮೊದಲನೆಯ ಡಬ್ಬಿಯ ಮೇಲೆ ಕುಳಿತು, "ಹತ್ತೀವಿ ನೋಡ್ರಿ, ಬಿಡ್ರಿ ಇನ್ನ," ಎಂದರು.

ನಾನು ಬಾಗಿಲ ಕಡೆ ನೋಡಿದೆ. ಮನೆಯಾಕೆ ನನ್ನನ್ನು ನೋಡಲಿಲ್ಲ, ಅದು ನೋಡುವುದಕ್ಕಿಂತ ಕೆಟ್ಟದ್ದು. ಡಬ್ಬಿಗೆ ಇಬ್ಬರ ಹಾಗೆ ಆರು ಜನರ ಗಾಡಿ ಅದು. ಬೆನ್ನಿಗೆ ಬೆನ್ನು ಮಾಡಿ, ಆ ಬದಿಗೊಬ್ಬರು ಈ ಬದಿಗೊಬ್ಬರು ಕೂರಬೇಕು, ಇಲ್ಲದಿದ್ದರೆ ಡಬ್ಬಿ ವಾಲುತ್ತದೆ. ಅವರು ಮೂವರು ಮೂವರು ಕುಳಿತರು. ಒಂದು ಬದಿಗೆ ಹಿರಿಯಕ್ಕ, ಇನ್ನೊಂದು ಬದಿಗೆ ಇಬ್ಬರು. ಅಲ್ಲಿಗೆ ಆ ಡಬ್ಬಿ ಸಮತೂಕವಾಯಿತು. ಉಳಿದವರೂ ಹಾಗೇ ನೋಡಿಕೊಂಡು ಕುಳಿತರು.

ಗಾಡಿ ಹೊರಟಿತು. ಒಗೆಯುವ ಕಲ್ಲು ದಾಟಿತು, ಪಪ್ಪಾಯಿ ದಾಟಿತು, ಹಲಸಿನ ಗಿಡದ ಹಿಂದೆ ಹೋಯಿತು. ಅಲ್ಲಿ ಒಂದು ಉಸಿರು ಬಿಟ್ಟು ನಿಂತಿತು.

ಮನೆಯಿಂದ ಅದೇ ಅತಿ ದೂರದ ಜಾಗ. ನಾನು ಇಳಿದು ತಂತಿ ಮುಟ್ಟಿದೆ, ಸ್ವಿಚ್ಚು ಒತ್ತಿದೆ, ಒತ್ತಿದ ಸ್ವಿಚ್ಚನ್ನೇ ಮತ್ತೆ ಒತ್ತಿದೆ. ಗದ್ದಲ ನಿಂತದ್ದು ಅಡಿಗೆ ಮನೆಗೆ ಕೇಳಿಸದೆ ಇರುವುದಿಲ್ಲ. ದಯವಿಟ್ಟು ಇಳಿದು ನಡೆಯಿರಿ ಎಂದು ಕೈ ಮುಗಿದು ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಹಿರಿಯಕ್ಕ ಶಾಂತವಾಗಿ ಕೇಳಿದರು:

"ಕ್ರಾಸಿಂಗ್ ಏನ್ರಿ?"

ಕ್ರಾಸಿಂಗ್ ಎಂದರೆ ಒಂದೇ ಲೈನು ಇರುವ ಕಡೆ ಎದುರಿನ ಗಾಡಿ ಹಾಯ್ದು ಹೋಗಲೆಂದು ಈ ಗಾಡಿ ಕಾಯುವುದು. ನಮ್ಮ ಹಿತ್ತಲಲ್ಲಿ ಇರುವುದೇ ಒಂದು ಗಾಡಿ. ಆದರೂ ನನ್ನ ಬಾಯಿ, ನನ್ನನ್ನು ಕೇಳದೆ, ಹೌದ್ರಿ ಎಂದಿತು.

ಎಲ್ಲರೂ ಸಮಾಧಾನವಾದರು. ಕ್ರಾಸಿಂಗ್ ಎಂದಮೇಲೆ ಯಾರದೂ ತಪ್ಪಲ್ಲ. ಮತ್ತು ಗಾಡಿ ನಡುವೆ ನಿಂತರೆ ನಮ್ಮ ಕಡೆಯವರು ಮಾಡುವುದು ಒಂದೇ. ಒಬ್ಬರು ಗಂಟು ಬಿಚ್ಚಿದರು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಹಾಡು ಮುಗಿದ ಮೇಲೆ ಫಳಾರಕ್ಕೆಂದು ತಂದದ್ದು. ಇನ್ನೊಬ್ಬರು ಉಂಡಿಯ ಡಬ್ಬಿ ತೆಗೆದರು. ಹಿಂದಿನ ಡಬ್ಬಿಯವರು ಚಟ್ನಿ ಈ ಕಡೆ ಕಳಿಸಿರಿ ಎಂದರು. ಸ್ವಲ್ಪ ಸರಿಯವ್ವಾ, ಕಾಲು ಚಾಚುತ್ತೇನೆ ಎಂದು ಒಂದು ಸಣ್ಣ ತಕರಾರೂ ನಡೆಯಿತು. ಗೋಡೆಯ ಮೇಲೆ ಚಾಚಾ ಕಾಣಿಸಿಕೊಂಡರು. ಎದುರಿನ ಗಾಡಿ ಎಲ್ಲಿದೆ ಎಂದು ಹಿರಿಯಕ್ಕ ಅವರನ್ನು ಕೇಳಿದರು. ಚಾಚಾ ನನ್ನ ಮುಖ ನೋಡಿದರು, ಡಬ್ಬಿಗಳನ್ನು ನೋಡಿದರು, ಆಮೇಲೆ ಇಡೀ ನೌಕರಿಯ ಗಾಂಭೀರ್ಯ ತಂದುಕೊಂಡು ಹೇಳಿದರು:

"ಲೋಂಡಾ ಜಂಕ್ಷನ್ ಬಿಟ್ಟೈತ್ರಿ ಅಕ್ಕಾರ."

ಆಗ ಮನೆಯಾಕೆ ಬಂದಳು. ನಾನು ಕಣ್ಣೆತ್ತಲಿಲ್ಲ. ಹಿರಿಯಕ್ಕ ರೊಟ್ಟಿ ಮುರಿಯುತ್ತಲೇ, "ಬಾ ಯವ್ವಾ. ಕ್ರಾಸಿಂಗಿಗೆ ನಿಂತೈತಿ. ಚಹಾದವರು ಯಾರರ ಬರ್ತಾರೇನು ನೋಡು," ಎಂದರು. ಮನೆಯಾಕೆ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಹೊಳ್ಳಿ ಹೋದಳು. ಮೋಡಕಾದವನಿಗೆ ಫೋನು ಹಚ್ಚಲಿಕ್ಕೇ ಎಂದು ನಾನು ಗಟ್ಟಿ ಮಾಡಿಕೊಂಡೆ.

ಐದು ನಿಮಿಷಕ್ಕೆ ಹಲಸಿನ ಗಿಡದ ಆಚೆಯಿಂದ ಒಂದು ದನಿ ಬಂತು. "ಚಾಯ್... ಚಾಯ್... ಗರಂ ಚಾಯ್..." ಮೂಗಿನಿಂದ ಎಳೆದ, ಥೇಟ್ ಪ್ಲಾಟ್‌ಫಾರ್ಮಿನ ದನಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕೆಟಲಿ, ಇನ್ನೊಂದರಲ್ಲಿ ಕಪ್ಪುಗಳನ್ನು ಹಿಡಿದು ಮನೆಯಾಕೆ ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಕೂಗುತ್ತ ಬಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಆ ದನಿ ಕೇಳಿರಲಿಲ್ಲ. ಚಹಾ ಕೊಟ್ಟು ಮುಗಿಸಿ ಕೊನೆಯ ಡಬ್ಬಿಯಲ್ಲಿ ತಾನೂ ತುರುಕಿಕೊಂಡು ಕುಳಿತಳು. ವಚನಗಳೆಲ್ಲ ಅಲ್ಲೇ ಆದವು. ಎದುರಿನ ಗಾಡಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರೇ ಎದ್ದು, ನಮ್ಮ ಮನೆ ಇಲ್ಲಿಂದ ಹತ್ತಿರ, ಇಲ್ಲೇ ಇಳಿಯುತ್ತೇವೆ ಎಂದು ಹಿತ್ತಲ ಬಾಗಿಲಿನಿಂದ ಹೋದರು.

ನಾನು ಕಪ್ಪು ಆರಿಸುತ್ತ ಕಾದೆ. ಮನೆಯಾಕೆ ಕೆಟಲಿ ಎತ್ತಿಕೊಂಡು, "ನಾಳೆ ಮುಂಜಾನೆ..." ಎಂದು ಶುರುಮಾಡಿದಾಗ ನಾನು ಕೈಯಲ್ಲಿದ್ದ ಕಪ್ಪುಗಳನ್ನು ಡಬ್ಬಿಯ ಮೇಲಿಟ್ಟು ಇಂಜಿನ್ನಿಗೆ ಅಡ್ಡ ನಿಂತೆ.

"ನಾಳೆ ಮುಂಜಾನೆ ಗೌಂಡಿಯವನ್ನ ಕರೀರಿ. ಅಲ್ಲೊಂದು ಕಟ್ಟಿ ಆಗಬೇಕು. ಸ್ಟೇಶನ್ ಅಂತ ಹೇಳಿ ಕೆಟಲಿ ಇಡಾಕ ಜಾಗಾನ ಇಲ್ಲ."

ಕಟ್ಟೆ ಈಗ ಆಗಿದೆ. ಸೋಮವಾರಕ್ಕೊಮ್ಮೆ ಎಲ್ಲರೂ ಬರುತ್ತಾರೆ, ಬೇರೆ ಯಾರ ಪಾಳಿಯನ್ನೂ ಅವರು ಒಪ್ಪುವುದಿಲ್ಲ. ಗಾಡಿಯನ್ನು ರಿಪೇರಿ ಮಾಡಿದ್ದೇನೆ, ಆದರೂ ಅಲ್ಲಿ ನಿಲ್ಲಿಸಲೇಬೇಕು. ಒಮ್ಮೆ ನಿಲ್ಲಿಸದೆ ಹೋದದ್ದಕ್ಕೆ ಹಿರಿಯಕ್ಕ ಸಿಟ್ಟಾಗಿದ್ದರು. ಇನ್ನು ಅವತ್ತು ಖರೇ ಏನಾಗಿತ್ತು ಎಂದು ಓದುಗರಿಗೆ ಅನಿಸಬಹುದು, ಅದನ್ನು ವಿವರಿಸುವುದು ನನ್ನ ಕರ್ತವ್ಯ. ಇಂಜಿನ್ನಿನಲ್ಲಿ ಬ್ಯಾಟರಿ ಎರಡು. ಒಂದರ ಹಿಂದೊಂದು ಜೋಡಿಸಿದರೆ ಶಕ್ತಿ ಒಂದು ತರಹ, ಬಾಜು ಬಾಜು ಜೋಡಿಸಿದರೆ ಇನ್ನೊಂದು ತರಹ. ನಾನು ಮಾಡಿದ ತಪ್ಪೆಂದರೆ, ಹಲಸಿನ ಗಿಡದ ಹತ್ತಿರ ನೆಲ ಸ್ವಲ್ಪ ಏರು ಇದೆ ಎಂಬುದು ಗೊತ್ತಿದ್ದೂ, ಎರಡನೆಯ ಬ್ಯಾಟರಿಯ ತಂತಿಯನ್ನು...

ತಡೆಯಿರಿ, ಮನೆಯಾಕೆ ಕರೆಯುತ್ತಿದ್ದಾಳೆ. "ರೀ, ಎಲ್ಲಾರೂ ಹತ್ತಿ ಕುಂತಾರ. ಗಾಡಿ ನೀವು ಬಿಡ್ತೀರೋ, ನಾನ ಬಿಡ್ಲ್ಯೋ?"