ಕೆಂಪು ದೀಪಕ್ಕೆ ನಾನು ಮಾಡಿದ ಚಿಕಿತ್ಸೆ

ನನ್ನ ಗಂಡ ಶರಣಯ್ಯನವರ ಹೊಟ್ಟೆಯಲ್ಲಿ ಇನ್ನೊಬ್ಬರ ತಪ್ಪು ಒಂದು ಗಂಟೆಯೂ ನಿಲ್ಲುವುದಿಲ್ಲ. ಮೂವತ್ತೆರಡು ವರ್ಷ ಶಾಲಾ ತನಿಖಾಧಿಕಾರಿಯಾಗಿ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಮಾಸ್ತರರನ್ನು ನಡುಗಿಸಿದ ಮನುಷ್ಯ. ನಿವೃತ್ತರಾದ ಮೇಲೆ ತನಿಖೆಗೆ ಉಳಿದದ್ದು ಒಂದೇ ಶಾಲೆ, ನಮ್ಮ ಮನೆ. ಅಲ್ಲಿ ಸಿಕ್ಕಿಬೀಳಲು ಇದ್ದವಳು ಒಬ್ಬಳೇ, ನಾನು! ಸಾರಿಗೆ ಉಪ್ಪು ಹೆಚ್ಚಾದರೆ ನನಗೆ ಹೇಳುವುದಿಲ್ಲ, ಊಟಕ್ಕೆ ಬಂದವರಿಗೆ ಹೇಳುತ್ತಾರೆ. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ನಾನು ಒಮ್ಮೆ ಹಾಲು ಉಕ್ಕಿಸಿದ ಸಂಗತಿ ರಾಯಚೂರಿನ ಅರ್ಧ ಊರಿಗೆ ಗೊತ್ತು. ಉಳಿದರ್ಧದ ಜನ ಇವರಿಗೆ ಇನ್ನೂ ಭೇಟಿಯಾಗಿಲ್ಲ, ಅಷ್ಟೇ.

ಇಂಥವರ ಜೊತೆ ಬಾಳಬೇಕಾದರೆ ತಪ್ಪು ಮಾಡದೇ ಇರುವುದೊಂದೇ ದಾರಿ. ಮಹಿಳಾ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ಭೌತಶಾಸ್ತ್ರ ಕಲಿಸಿದ ನಾನು ಆ ದಾರಿಯಲ್ಲೇ ತಲೆಯೆತ್ತಿ ನಡೆದಿದ್ದೆ. ‘ಬಸವಂತಮ್ಮ ಮೇಡಮ್ ತಪ್ಪುವವರಲ್ಲ’ ಎಂಬುದು ನನ್ನ ಏಕೈಕ ಆಭರಣ. ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮಾರ್ಚ್ ತಿಂಗಳಲ್ಲಿ ಆ ಆಭರಣವನ್ನು ನಾನೇ ಎಂಜಿನ್ ಎಣ್ಣೆಯಲ್ಲಿ ಅದ್ದಿದೆ.

ನಮ್ಮದೊಂದು ಹಳೆಯ ಕಂದು ಬಣ್ಣದ ಕಾರು. ಅದರ ಸ್ಟೇರಿಂಗಿನ ಮುಂದೆ ಒಂದು ಪುಟ್ಟ ಕೆಂಪು ದೀಪ. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಸರಿಯಿದ್ದರೆ ಆರಿರಬೇಕು, ಒತ್ತಡ ಬಿದ್ದರೆ ಹತ್ತಬೇಕು. ಒಂದು ಶುಕ್ರವಾರ ಅದು ಹತ್ತಿದ್ದು ಆರಲೇ ಇಲ್ಲ. ಮೆಕ್ಯಾನಿಕ್ ಅಬ್ದುಲ್ ವಹೀದ್ ಬಂದು, ಎಂಜಿನ್ನಿನ ಪಕ್ಕೆಗೆ ತಿರುಪಿನಿಂದ ಕೂಡಿಸಿದ್ದ, ಆ ದೀಪವನ್ನು ಹತ್ತಿಸಿ ಆರಿಸುವ ಹೆಬ್ಬೆಟ್ಟಿನಷ್ಟು ದೊಡ್ಡ ಸ್ವಿಚ್ಚನ್ನು ಮುಟ್ಟಿ ನೋಡಿದ.

“ಎಂಜಿನ್ ಗಟ್ಟಿ ಅದರೀ ಅಮ್ಮಾರ. ಹೋಗಿದ್ದು ಇದು. ಇದರ ಒಳಗ ಒಂದು ತೆಳ್ಳನ ಪರದಾ ಇರ್ತದ. ಕುದಿಯೋ ಎಣ್ಣಿ ದಿನಾ ಅದನ್ನ ಒದೀತದ. ಎಷ್ಟು ದಿನ ತಡೀತದ್ರಿ ಪಾಪ? ಹರದಾದ.”

“ಇವತ್ತ ಬದಲಿ ಮಾಡು.”

“ಹೊಸದು ಹೈದರಾಬಾದಿಂದ ತರಸಬೇಕ್ರಿ. ನಾಕು ದಿನ. ಅಲ್ಲಿತನಕ ಗಾಡಿ ಹೊರಗ ತೆಗೀಬ್ಯಾಡ್ರಿ, ಹರದ ಪರದಾದಾಗಿಂದ ಎಣ್ಣಿ ಹೊರಗ ಬಂದೀತು.”

ನಾಲ್ಕು ದಿನ! ಸೋಮವಾರ ಬೆಳಗ್ಗೆ ಹತ್ತಕ್ಕೆ ಮಾನ್ವಿಯ ಕಾಲೇಜಿನಲ್ಲಿ ನಾನು ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕಿ. ಹತ್ತು ಗಂಟೆಯ ಮೇಲೆ ಒಂದು ನಿಮಿಷ ತಡವಾಗಿ ಬಂದ ವಿದ್ಯಾರ್ಥಿನಿಯರನ್ನು ಬಾಗಿಲಲ್ಲೇ ನಿಲ್ಲಿಸಿದ ಕೀರ್ತಿ ನನ್ನದು.

“ಬಸ್ಸಿಗೆ ಹೋಗು,” ಎಂದರು ಇವರು.

“ಯಾಕ? ಒತ್ತಡ ಅಂದ್ರ ಏನು ಅಂತ ಇಡೀ ಜಿಲ್ಲಾಕ್ಕ ಕಲಿಸಿದಾಕಿ ನಾನು. ಒಂದು ಹೆಬ್ಬೆಟ್ಟಿನಷ್ಟು ಡಬ್ಬಿ ನನ್ನ ಕೂಡ ಆಟ ಆಡ್ತದೇನು? ನಾಳಿ ನಾನ ರಿಪೇರಿ ಮಾಡ್ತೀನಿ. ಸೋಮವಾರ ಇದೇ ಗಾಡಿ ಒಳಗ ಹೋಗೂದು!”

“ನೋಡ ಬೇ ಮತ್ತ...”

“ನೋಡೂದೇನದ? ನೀವು ಗಾಡಿ ಹೊಡೀರಿ ಸಾಕು.”

ಶನಿವಾರ ಕಾಲೇಜು ಮುಗಿಸಿ ಬಂದವಳೇ ಸೆರಗು ಸಿಕ್ಕಿಸಿ ಶಸ್ತ್ರಕ್ರಿಯೆಗೆ ಇಳಿದೆ. ಸ್ವಿಚ್ಚನ್ನು ತಿರುವಿ ಬಿಚ್ಚಿದೆ, ಸೀಮೆಎಣ್ಣೆಯಲ್ಲಿ ತೊಳೆದೆ, ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಒಣಗಿಸಿದೆ. ಎಣ್ಣೆ ಹೊರಗೆ ಬರಬಹುದು ಎಂದಿದ್ದನಲ್ಲ ವಹೀದ್? ಅದಕ್ಕೂ ನನ್ನ ಬಳಿ ಮದ್ದಿತ್ತು. ನಮ್ಮ ಊರಲ್ಲಿ ನಳ ಸೋರಿದರೆ ತಿರುಪಿಗೆ ನೂಲು ಸುತ್ತಿ, ಮೇಲೆ ಸಫೇದ ಎಂಬ ಬಿಳಿ ಲೇಪ ಬಳಿದು ಬಿಗಿಯುತ್ತಾರೆ. ಒಂದು ಹನಿ ಹೊರಬರುವುದಿಲ್ಲ. ನಾನೂ ಸ್ವಿಚ್ಚಿನ ತಿರುಪಿಗೆ ಗಟ್ಟಿ ನೂಲು ಸುತ್ತಿದೆ. ಒಂದಲ್ಲ ಎರಡಲ್ಲ, ಹತ್ತು ಸುತ್ತು! ಮೇಲೆ ಸಫೇದವನ್ನು ಹೋಳಿಗೆಗೆ ತುಪ್ಪ ಸುರಿದಂತೆ ಸುರಿದು, ಪಾನಾ ಹಿಡಿದು ಬಿಗಿದೆ.

ಇವರು ಕೂತು ಗಾಡಿ ಚಾಲೂ ಮಾಡಿದರು. ದೀಪ ಆರಿತ್ತು! ಅಂಗಳದಲ್ಲಿ ನಿಂತ ನನಗೆ ಆ ಗಳಿಗೆಯಲ್ಲಿ ಜಗತ್ತಿನ ಸಮಸ್ತ ಮೆಕ್ಯಾನಿಕರ ಮೇಲೆ ಕರುಣೆ ಹುಟ್ಟಿತು.

“ಮೊದಲ ಕೀಲಿ ತಿರುವಿದ ಕೂಡ್ಲೆ ಒಂದು ಸಲ ಹತ್ತತಿತ್ತು, ಎಂಜಿನ್ ಚಾಲೂ ಆದ ಮ್ಯಾಲೆ ಆರತಿತ್ತು,” ಎಂದು ಇವರು ತನಿಖೆ ಆರಂಭಿಸಿದರು. “ಈಗ ಹತ್ತವಲ್ದು ಅಲ್ಲ?”

“ರೋಗ ಇದ್ದಾಗ ಹತ್ತತಿತ್ತು. ವಾಸಿ ಆದ ಮ್ಯಾಲೆ ಯಾಕ ಹತ್ತಬೇಕು?”

ಎಂ.ಎಸ್‌ಸಿ. ಪ್ರಥಮ ದರ್ಜೆಯಲ್ಲಿ ಪಾಸಾದವಳ ಉತ್ತರ ಅದು. ದಯವಿಟ್ಟು ಇನ್ನೊಮ್ಮೆ ಓದಬೇಡಿ.

ಸೋಮವಾರ ಎಂಟಕ್ಕೆ ಹೊರಟೆವು. ದೀಪ ಕಣ್ಣು ಮುಚ್ಚಿ ಸುಖವಾಗಿ ಮಲಗಿತ್ತು. ನಾನು ದಾರಿಯುದ್ದಕ್ಕೂ ಸ್ವಾವಲಂಬನೆಯ ಮಹತ್ವ ಕುರಿತು ಇವರಿಗೆ ಉಪನ್ಯಾಸ ಕೊಟ್ಟೆ. ಕಲ್ಲೂರು ಹತ್ತಿರ ಬಂದಾಗ ಎಲ್ಲೋ ಒಳಕಲ್ಲಿನಲ್ಲಿ ಕಬ್ಬಿಣ ಕುಟ್ಟಿದ ಸದ್ದು.

“ಏನೋ ಬಡದಂಗ ಆಗಾಕತ್ತದ,” ಎಂದರು ಇವರು.

“ದೀಪ ಆರೇದ ಇಲ್ಲ? ಹೊಡೀರಿ!”

ಹೊಡೆದರು. ಸದ್ದು ಹೆಚ್ಚಿತು, ಸುಟ್ಟ ವಾಸನೆ ಬಂತು, ಹೊಗೆ ಬಂತು. ಕಡೆಗೆ ಕಾರು ಒಮ್ಮೆ ಗಕ್ಕೆಂದು ಜಗ್ಗಿ ನಿಂತುಬಿಟ್ಟಿತು. ದೀಪ? ಅದು ಆಗಲೂ ಆರಿಯೇ ಇತ್ತು! ಕೆಳಗಿಳಿದು ಬಾನೆಟ್ ಎತ್ತಿದೆ. ನಾನು ತೊಳೆದು ಒಣಗಿಸಿದ ಸ್ವಿಚ್ಚಿನ ನೆತ್ತಿಯಿಂದ ಇದ್ದ ಎಣ್ಣೆಯೆಲ್ಲ ಸುರಿದು ಹೋಗಿತ್ತು. ಹಿಂದೆ ನೋಡಿದರೆ ನಾವು ಬಂದ ದಾರಿಯನ್ನು ಕಪ್ಪು ಗೆರೆಯೊಂದು ರಾಯಚೂರಿನ ಕಡೆಗೆ ತೋರಿಸುತ್ತಿತ್ತು. ತಿರುಪಿನ ನೂಲು ಮಾತ್ರ ಒಂದು ಹನಿಯನ್ನೂ ಬಿಟ್ಟಿರಲಿಲ್ಲ.

ಇವರು ಆ ಗೆರೆಯನ್ನು ನೋಡಿ, ಕೈಗಡಿಯಾರ ನೋಡಿ, ರಸ್ತೆಯ ಕಡೆ ತಿರುಗಿದರು. ಬೈಗುಳವನ್ನು ಊರೆಲ್ಲ ಕೇಳಲಿ ಎಂದು ಕಾಯ್ದಿಡುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಮಾನ್ವಿಯ ಬಸ್ಸು ಬಂತು. “ನೀ ಹತ್ತು. ವಹೀದಗ ಹೇಳಿ ಕಳಸ್ತೀನಿ,” ಎಂದರು. ಒಂದೇ ಕಾಲಲ್ಲಿ, ಎರಡು ಭತ್ತದ ಚೀಲಗಳ ನಡುವೆ, ಎಣ್ಣೆಯ ಕೈಯನ್ನು ಯಾರಿಗೂ ತಾಗದಂತೆ ಮೇಲೆತ್ತಿ ನಿಂತು ಮಾನ್ವಿ ಸೇರಿದೆ. ಹತ್ತು ಗಂಟೆ ಇಪ್ಪತ್ತು ನಿಮಿಷ! ಹನ್ನೆರಡು ಹುಡುಗಿಯರು ಬಾಗಿಲಲ್ಲಿ ಕಾದು ನಿಂತಿದ್ದರು. ಅಲ್ಲಿಯ ಉಪನ್ಯಾಸಕಿ ಶೇಖಮ್ಮ ನನ್ನ ಶಿಷ್ಯೆ. ನನ್ನನ್ನು ದೇವರ ಪಕ್ಕದಲ್ಲಿ, ಸ್ವಲ್ಪ ಮೇಲೆಯೇ ಇಟ್ಟವಳು.

“ಮೇಡಮ್, ನಿಮಗ ಹುಷಾರಿಲ್ಲೇನ್ರಿ?” ಎಂದಳು. ನಾನು ತಡವಾಗಿ ಬರಲು ಬೇರೆ ಕಾರಣ ಅವಳ ಕಲ್ಪನೆಗೇ ನಿಲುಕಲಿಲ್ಲ.

“ಗಾಡಿ ಕೆಟ್ಟಿತು,” ಎಂದಷ್ಟೇ ಹೇಳಿದೆ. ಸುಳ್ಳಲ್ಲ, ಕೆಡಿಸಿದವರ ಹೆಸರು ಅವಳು ಕೇಳಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಅಮರಮ್ಮ ಎಂಬ ಹುಡುಗಿಗೆ ನನ್ನ ಮಾಮೂಲಿ ಪ್ರಶ್ನೆ ಹಾಕಿದೆ. “ಬ್ಯಾಟರಿ ಅದ, ಬಲ್ಬ್ ಅದ, ಸ್ವಿಚ್ ಒತ್ತೀದಿ. ಆದ್ರೂ ಬಲ್ಬ್ ಹತ್ತವಲ್ದು. ಯಾಕ?”

“ಎಲ್ಲೋ ಒಂದು ಕಡೆ ಕೂಡಿಲ್ರಿ ಮೇಡಮ್. ಕೂಡೋ ಜಾಗದಾಗ ಬಟ್ಟಿನೋ ನೂಲೋ ಏನರ ಸಿಕ್ಕಿರಬೇಕ್ರಿ.”

ನನ್ನ ಕೈಯ ಪೆನ್ನು ನಿಂತಿತು. ನನ್ನ ಕಾರಿನ ಆ ಸ್ವಿಚ್ಚಿಗೆ ಇರುವುದು ಒಂದೇ ತಂತಿ. ಎರಡನೆಯ ತಂತಿಯ ಕೆಲಸವನ್ನು ಎಂಜಿನ್ನಿನ ಕಬ್ಬಿಣದ ಮೈಯೇ ಮಾಡುತ್ತದೆ, ತಿರುಪಿನ ಮೂಲಕ! ಆ ತಿರುಪಿಗೆ ಹತ್ತು ಸುತ್ತು ನೂಲು, ಮೇಲೆ ಸಫೇದ! ನಾನು ರೋಗ ವಾಸಿಮಾಡಿರಲಿಲ್ಲ, ರೋಗಿಯ ಬಾಯಿಗೆ ಬಟ್ಟೆ ತುರುಕಿದ್ದೆ.

“ಸರಿ ಅದರೀ ಮೇಡಮ್?”

“ಸರಿ ಅದ,” ಎಂದೆ. ಪೂರ್ತಿ ಅಂಕ ಕೊಟ್ಟೆ. ಇಪ್ಪತ್ತೇಳು ವರ್ಷಗಳಲ್ಲಿ ಅದೇ ಮೊದಲು.

ಸಂಜೆ ಬಸ್ಸಿನಲ್ಲಿ ಶೇಖಮ್ಮ ಬೇಡವೆಂದರೂ ಜೊತೆಗೆ ಬಂದು, ಕಲ್ಲೂರಿನಲ್ಲಿ ನನ್ನೊಡನೆ ಇಳಿದಳು. ಕಾರಿನ ಸುತ್ತ ಹತ್ತು ಹದಿನೈದು ಜನ. ಎಲ್ಲರ ಕೈಯಲ್ಲೂ ಚಹಾ. ನಡುವೆ ಇವರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ರಾಯಚೂರಿನಿಂದ ಲಾರಿ ಹತ್ತಿ ಬಂದಿದ್ದ ವಹೀದ್ ಆಗಷ್ಟೇ ಸ್ವಿಚ್ಚನ್ನು ಬಿಚ್ಚಿ ಎತ್ತಿ ಹಿಡಿದ.

“ಎಂಜಿನ್ ಪೂರಾ ಬಿಚ್ಚಬೇಕ್ರಿ ಸಾಹೇಬರ. ಬೇರಿಂಗ್ ಎಲ್ಲಾ ಹ್ವಾದವು. ಆದ್ರ ಇದು ನೋಡ್ರಿ, ನಳಕ್ಕ ಸುತ್ತಿದಂಗ ಸುತ್ಯಾರ! ಯಾ ಮಹಾನುಭಾವರ ಕೆಲಸ ಇದು?”

ಜನ ನಕ್ಕರು. ಶೇಖಮ್ಮನೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಉಗುರುಗಳ ಸಂದಿಯಲ್ಲಿ ಉಳಿದ ಬಿಳಿ ಸಫೇದವನ್ನು ನಾನು ಮೆಲ್ಲನೆ ಸೆರಗಿನೊಳಗೆ ಅಡಗಿಸಿದೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ನಿಜಕ್ಕೂ ತೆರೆದೆ.

“ನಂದ,” ಎಂದರು ಶರಣಯ್ಯನವರು.

ವಹೀದ್ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನಿಮ್ದಾ? ಮೂರು ವರ್ಷಾತು, ಬಾನೆಟ್ ಯಾ ಕಡಿಂದ ತೆಗೀತಾರ ಅಂತ ನಿಮಗ ಇನ್ನಾ ಗೊತ್ತಿಲ್ಲಲ್ರಿ ಸಾಹೇಬರ!”

ಇವರು ಚಹಾದ ಕಪ್ಪನ್ನು ನನ್ನ ಕಡೆ ಚಾಚಿ, ವಹೀದನ ಕಡೆ ತಿರುಗದೆಯೇ ಹೇಳಿದರು:

“ಮೊನ್ನಿ ಕಲತೀನಿ.”