ನಮ್ಮ ತಂದೆ ಟೇಲರ್ ಇದ್ದಾರೆ

ಮೆಡಿಕಲ್ ಕಾಲೇಜಿನ ಮೊದಲ ದಿನ, ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಳ್ಳಬೇಕು ಎಂದು ಅನಾಟಮಿ ಮೇಡಂ ಅಪ್ಪಣೆ ಮಾಡಿದಾಗ, ಇಡೀ ತರಗತಿಯಲ್ಲಿ ನೆಮ್ಮದಿಯಾಗಿ ಕುಳಿತಿದ್ದವಳು ನಾನೊಬ್ಬಳೇ ಇರಬೇಕು. ಅಕ್ಕಪಕ್ಕದವರು ಬೆವರು ಒರೆಸಿಕೊಳ್ಳುತ್ತಿದ್ದರು, ತುಟಿ ಅಲುಗಿಸುತ್ತ ಇಂಗ್ಲಿಷ್ ಹೊಂದಿಸಿಕೊಳ್ಳುತ್ತಿದ್ದರು. ನನ್ನ ಪರಿಚಯ ಮಾತ್ರ ವರ್ಷದ ಹಿಂದೆಯೇ ತಯಾರಾಗಿ, ಇಸ್ತ್ರಿ ಹಾಕಿಸಿಕೊಂಡು, ಮಡಚಿ ಇಟ್ಟಂತೆ ನಾಲಿಗೆಯ ತುದಿಯಲ್ಲಿ ಕುಳಿತಿತ್ತು!

ಅದು ತಯಾರಾದದ್ದು ನಾರಾಯಣಖೇಡ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ನಮ್ಮ ಅಪ್ಪ ಸಂಗಣ್ಣನವರ ಟೇಲರ್ ಅಂಗಡಿಯಲ್ಲಿ. ನಮ್ಮದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಗಲ್ಲಿಯಲ್ಲಿ ಉರ್ದು. ಇಂಗ್ಲಿಷ್ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಬಲವಂತದಿಂದ. ದೊಡ್ಡ ಕಾಲೇಜಿನಲ್ಲಿ ಮೊದಲ ದಿನವೇ ಪರಿಚಯ ಕೇಳುತ್ತಾರೆ ಎಂದು ಯಾರೋ ಗಿರಾಕಿ ಅಪ್ಪನ ಕಿವಿಗೆ ಹಾಕಿದ್ದರು. ನಾನು ಇನ್ನೂ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ, ಸೀಟು ಸಿಗುತ್ತದೆಯೋ ಇಲ್ಲವೋ ಆ ದೇವರಿಗೇ ಗೊತ್ತಿರಲಿಲ್ಲ. ಆದರೆ ಅಪ್ಪನ ಲೆಕ್ಕದಲ್ಲಿ ಸೀಟು ಸಿಕ್ಕು, ಮೊದಲ ದಿನ ಬಂದು, ನಾನು ಎದ್ದು ನಿಂತದ್ದೂ ಆಗಿಹೋಗಿತ್ತು.

ಇಂಗ್ಲಿಷಿನಲ್ಲಿ ಬರೆದುಕೊಟ್ಟವಳು ಜಹೀರಾಬಾದಿನಲ್ಲಿ ಓದುತ್ತಿದ್ದ ಸೋದರಮಾವನ ಮಗಳು. ನನ್ನ ಹೆಸರು ಅಂಬಿಕಾ, ಊರು ನಾರಾಯಣಖೇಡ, ತಂದೆ ಟೇಲರ್, ಬಹಳ ಕಷ್ಟಪಟ್ಟು ದುಡಿಯುತ್ತಾರೆ, ನನ್ನ ಆಸೆ ಹೃದಯದ ಡಾಕ್ಟರಾಗುವುದು, ಹವ್ಯಾಸ ಬ್ಯಾಡ್ಮಿಂಟನ್ ಆಡುವುದು. ಬ್ಯಾಡ್ಮಿಂಟನ್ ಆಡುತ್ತಿದ್ದವಳು ಅವಳು. ನಾನು ಆ ಬ್ಯಾಟನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ಆದರೆ ಬರೆದುಕೊಟ್ಟದ್ದನ್ನು ತಿದ್ದುವಷ್ಟು ಇಂಗ್ಲಿಷ್ ನಮ್ಮ ಮನೆಯಲ್ಲಿ ಯಾರಿಗಿತ್ತು? ಹೃದಯದ ಡಾಕ್ಟರ್ ಎಂಬುದೂ ಹಾಗೆಯೇ, ಕೇಳಲು ಭಾರಿಯಾಗಿರುತ್ತದೆ ಎಂದು ಹಾಕಿದ್ದು.

ಸಂಜೆ ನಾನು ಅಂಗಡಿಯ ಉದ್ದ ಕನ್ನಡಿಯ ಮುಂದೆ ನಿಂತು ಒಪ್ಪಿಸುತ್ತಿದ್ದೆ. ಅಪ್ಪ ಮಶೀನು ತುಳಿಯುತ್ತ ಕೇಳುತ್ತಿದ್ದರು. ಇಡೀ ಪರಿಚಯದಲ್ಲಿ ಅವರಿಗೆ ಅರ್ಥವಾಗುತ್ತಿದ್ದದ್ದು ಒಂದೇ ಪದ. "ಮೈ ಫಾದರ್ ಈಸ್ ಎ ಟೇಲರ್" ಎಂಬಲ್ಲಿಗೆ ಬಂದಾಗ ಅವರ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ, ತಲೆಯಾಡಿಸಿ, ಮತ್ತೆ ತುಳಿಯಲು ಶುರು ಮಾಡುತ್ತಿದ್ದರು.

ನನ್ನ ಪರೀಕ್ಷೆ ಮುಗಿದು ಫಲಿತಾಂಶ ಇನ್ನೂ ಬಂದಿರಲಿಲ್ಲ. ಶಾಲೆಗಳು ತೆರೆಯುವ ಹೊತ್ತು, ಯೂನಿಫಾರ್ಮಿನ ಗಡಿಬಿಡಿ. ಒಂದು ಮಧ್ಯಾಹ್ನ ಎದೆ ಉರಿಯುತ್ತದೆ ಎಂದು ಅಪ್ಪ ಎದುರಿನ ಅಂಗಡಿಯಿಂದ ಸೋಡಾ ತರಿಸಿ ಕುಡಿದರು. ಕೈಯಲ್ಲಿದ್ದ ಅಂಗಿಯ ಕಾಲರ್ ಮುಗಿಸಿ ಮನೆಗೆ ಹೋಗಿ ಮಲಗುತ್ತೇನೆ ಎಂದು ಮತ್ತೆ ಕುಳಿತರು. ಕಾಲರ್ ಮುಗಿಯಲಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ಯಲು ಜೀಪು ಬರುವಷ್ಟರಲ್ಲಿ ಒಯ್ಯುವ ಅಗತ್ಯ ಉಳಿದಿರಲಿಲ್ಲ.

ಆಮೇಲೆ ಫಲಿತಾಂಶ ಬಂತು, ಹೈದರಾಬಾದಿನ ಕಡೆ ಒಂದು ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಅಂಗಡಿ ಬಿಟ್ಟುಕೊಟ್ಟೆವು, ಮಶೀನನ್ನು ಮನೆಗೆ ತಂದು ಅವ್ವ ಅದರ ಮೇಲೆ ಹಳೆಯ ಚಾದರ ಹೊದಿಸಿದಳು. ಹೀಗೆ ಎಲ್ಲವೂ ಬದಲಾಗಿತ್ತು. ನಾಲಿಗೆಯ ತುದಿಯಲ್ಲಿದ್ದ ಪರಿಚಯವನ್ನು ಬದಲಾಯಿಸಬೇಕು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಮೇಡಂ ನನ್ನತ್ತ ಬೆರಳು ತೋರಿಸಿದರು. ಎದ್ದೆ. ಎಲ್ಲಿಯೂ ತಡವರಿಸದೆ, ಕನ್ನಡಿಯ ಮುಂದೆ ನಿಂತಂತೆ ಶುರುವಿನಿಂದ ಕೊನೆಯವರೆಗೆ ಒಪ್ಪಿಸಿಬಿಟ್ಟೆ. ನನ್ನ ತಂದೆ ಟೇಲರ್ ಇದ್ದಾರೆ, ಬಹಳ ಕಷ್ಟಪಟ್ಟು ದುಡಿಯುತ್ತಾರೆ. ಮೇಡಂ ಮೆಚ್ಚಿ ತಲೆಯಾಡಿಸಿದರು, ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಕುಳಿತ ಮೇಲೆ ನಾನು ಹೇಳಿದ್ದೇನೆಂದು ಹೊಳೆಯಿತು. ಅಷ್ಟರಲ್ಲಿ ಪಕ್ಕದ ಹುಡುಗಿ ಶ್ರೀಜಾ ಎದ್ದು ಅವಳ ಪರಿಚಯ ಶುರು ಮಾಡಿಯಾಗಿತ್ತು. ಮತ್ತೆ ಎದ್ದು ನಿಂತು, ಕ್ಷಮಿಸಿ ಮೇಡಂ, ನಮ್ಮ ಅಪ್ಪ ತೀರಿಕೊಂಡದ್ದನ್ನು ಹೇಳಲು ಮರೆತೆ ಎನ್ನುವುದೆ? ಯಾವ ಮಗಳು ಅದನ್ನು ಮರೆಯುತ್ತಾಳೆ?

ಮೊದಲ ಶಿಕ್ಷೆ ಬ್ಯಾಡ್ಮಿಂಟನ್ನಿನಿಂದ ಬಂತು. ಹವ್ಯಾಸ ಕೇಳಿದ್ದ ಸೀನಿಯರ್ ಒಬ್ಬಳು ಮರುದಿನವೇ ನನ್ನನ್ನು ಆಟದ ಅಂಗಳಕ್ಕೆ ಎಳೆದೊಯ್ದಳು. ನನ್ನ ಮೊದಲ ಹೊಡೆತಕ್ಕೆ ಹೂವಿನಂಥ ಆ ಶಟಲ್ ಕಾಕ್ ಬ್ಯಾಟಿಗೆ ತಾಗದೆ ನೆಲಕ್ಕೆ ಬಿತ್ತು. ಎರಡನೆಯ ಹೊಡೆತಕ್ಕೆ ಬ್ಯಾಟು ಕೈಬಿಟ್ಟು ಹೋಗಿ ಹಾಸ್ಟೆಲ್ ವಾರ್ಡನ್ ಅವರ ಮೊಣಕಾಲನ್ನು ಮುಟ್ಟಿತು. ನಮ್ಮೂರಲ್ಲಿ ಬೇರೆ ಥರ ಆಡುತ್ತೇವೆ ಎಂದೆ. ಅವರು ನಂಬಿದರು! ನಾರಾಯಣಖೇಡದ ಬಗ್ಗೆ ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ ಎಂಬುದೇ ನನ್ನ ಪುಣ್ಯ.

ಎರಡನೆಯದು ಏಪ್ರನ್ನಿನದು. ಡಾಕ್ಟರ ಬಿಳಿಯ ಅಂಗಿ ಕೊಟ್ಟ ದಿನ ಎಲ್ಲ ಹುಡುಗಿಯರೂ ಅದರೊಳಗೆ ಕಾಣೆಯಾದೆವು. ಯಾವ ದೈತ್ಯನ ಅಳತೆಗೆ ಹೊಲಿದಿದ್ದರೋ, ತೋಳು ಬೆರಳು ದಾಟಿ ತೂಗುತ್ತಿತ್ತು. ಶ್ರೀಜಾ ತಟ್ಟನೆ ನನ್ನತ್ತ ತಿರುಗಿ, ನಿಮ್ಮ ತಂದೆ ಟೇಲರ್ ಅಲ್ಲವೆ, ದಸರಾ ರಜೆಗೆ ಹೋದಾಗ ಸರಿಮಾಡಿಸಿಕೊಂಡು ಬಾ ಎಂದಳು. ಆಗ ಹೇಳಿಬಿಡಬಹುದಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಆ ಬಾಯಿಂದ ಹೊರಟ ಮಾತು, ಅಪ್ಪನಿಗೆ ಈಗ ಮದುವೆ ಬಟ್ಟೆಗಳ ಕೆಲಸ ಬಹಳ ಇದೆ, ಆದರೂ ಕೇಳಿ ನೋಡುತ್ತೇನೆ ಎಂಬುದು.

ಏಕೆ ಹಾಗೆಂದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಆ ಮಾತು ಆಡುವಷ್ಟು ಹೊತ್ತು ಅಪ್ಪ ಕೊರಳಿಗೆ ಟೇಪು ಹಾಕಿಕೊಂಡು ಅಂಗಡಿಯಲ್ಲಿ ಕುಳಿತೇ ಇದ್ದರು, ಅಷ್ಟು ಮಾತ್ರ ಗೊತ್ತು. ಹುಡುಗಿಯರು ನೂಲಿನಿಂದ ಅಳತೆ ತೆಗೆಯಲು ಹೊರಟರು. ಹಾಗಲ್ಲ, ಮೊದಲು ಭುಜ, ಆಮೇಲೆ ತೋಳು ಎಂದು ನಾನೇ ತಿದ್ದಿದೆ. ಟೇಲರ್ ಮಗಳಲ್ಲವೆ ಎಂದು ಹೊಗಳಿದರು. ನಾನು ಬೀಗಿದೆ! ಬೀಗಿದ್ದರ ಫಲವಾಗಿ ರೂಮಿನವರದಲ್ಲದೆ ಪಕ್ಕದ ರೂಮಿನವರ ಏಪ್ರನ್ನುಗಳೂ ಬಂದು ಚೀಲ ತುಂಬಿತು.

ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾರಾಯಣಖೇಡದ ಬಸ್ಸಿನಲ್ಲಿ ಬರುವಾಗ ನಾನು ಒಂದು ಯೋಜನೆ ಹಾಕಿದೆ. ಹುಟ್ಟಿದಾಗಿನಿಂದ ಮಶೀನಿನ ಪಕ್ಕದಲ್ಲೇ ಬೆಳೆದವಳು. ತೋಳು ಕತ್ತರಿಸಿ ಮಡಚಿ ಹೊಲಿಯುವುದು ಎಂಥ ಮಹಾ ವಿದ್ಯೆ? ಮನುಷ್ಯನ ಕೈಯ ಮೂಳೆಗಳ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದವಳಿಗೆ ಅಂಗಿಯ ತೋಳು ಯಾವ ಲೆಕ್ಕ?

ಮರುದಿನ ಅವ್ವ ಅಂಗನವಾಡಿಯ ಕೆಲಸಕ್ಕೆ ಹೋದದ್ದೇ ತಡ, ಚಾದರ ಸರಿಸಿ ಕುಳಿತೆ. ಮೊದಲು ದಾರ ಹರಿಯಿತು. ಆಮೇಲೆ ಸೂಜಿ ಮುರಿಯಿತು. ಮೂರನೆಯ ಸಲಕ್ಕೆ ಮಶೀನು ಓಡತೊಡಗಿದಾಗ ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಮಶೀನೂ ಹಾಗೆಯೇ ಸಂತೋಷಪಟ್ಟಿತೋ ಏನೋ, ನಿಲ್ಲಿಸಿದರೂ ನಿಲ್ಲಲಿಲ್ಲ. ಶ್ರೀಜಾಳ ಏಪ್ರನ್ನಿನ ಒಂದು ತೋಳು ಮೊಣಕೈವರೆಗೆ ಬಂತು, ಇನ್ನೊಂದು ಮುಂಚಿನಂತೆಯೇ ಉಳಿಯಿತು. ಮತ್ತೊಂದರ ತೋಳಿನ ಬಾಯಿ ಪೂರ್ತಿ ಮುಚ್ಚಿ ಅದು ದಿಂಬಿನ ಚೀಲವಾಯಿತು. ಎರಡು ಏಪ್ರನ್ನುಗಳು ಒಂದಕ್ಕೊಂದು ಬೆನ್ನಿಗೆ ಬೆನ್ನು ಹೊಲಿದುಕೊಂಡು ಜೋಡಿಯಾದವು. ಒಂದರ ಅಂಚನ್ನು ಸಮ ಮಾಡಲು ಆ ಕಡೆ ಇಷ್ಟು, ಈ ಕಡೆ ಇಷ್ಟು ಕತ್ತರಿಸುತ್ತ ಹೋಗಿ, ಕೊನೆಗೆ ಅವ್ವನ ಅಂಗನವಾಡಿಯ ಮಕ್ಕಳಿಗೆ ಸರಿಹೋಗುವಂಥ ಡಾಕ್ಟರ ಅಂಗಿಯೊಂದು ಸಿದ್ಧವಾಯಿತು!

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಪಕ್ಕದ ಮನೆಯ ಶಮೀಮ್ ಚಾಚಿ. ಕೈಯಲ್ಲಿ ಮೊಮ್ಮಗನ ಪ್ಯಾಂಟು, ಮುಖದಲ್ಲಿ ನಗು. ಮಶೀನಿನ ಮುಂದೆ ನನ್ನನ್ನು ಕಂಡದ್ದೇ ಆ ನಗು ಎಲ್ಲಿ ಹೋಯಿತೋ.

"ಮಶೀನ್ ಸಪ್ಪಳ ಕೇಳಿ ಬಂದೆ ಬೇಟಿ," ಎಂದರು. "ಸಂಗಣ್ಣ ಭಾಯಿ ಕುಂತಾರ ಅಂತ ಈ ಪ್ಯಾಂಟ್ ಹಿಡ್ಕೊಂಡ್ ಬಂದ್ಬಿಟ್ಟೆ. ಅವ್ರು ಇಲ್ಲ ಅನ್ನೂದು ನನಗ ಖಯಾಲೇ ಇರ್ಲಿಲ್ಲ ನೋಡು."

ಹೇಳುತ್ತ ಹೇಳುತ್ತ ಹೊಸ್ತಿಲ ಮೇಲೆಯೇ ಕುಳಿತು ಪ್ಯಾಂಟಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಪ್ಪನನ್ನು ಮಣ್ಣು ಮಾಡಿದ ದಿನ ಮನೆ ತುಂಬ ಜನರಿಗೆ ಚಹಾ ಮಾಡಿ ಕೊಟ್ಟವರು ಅವರೇ. ಅಂದು ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಸುತ್ತ ಬಿದ್ದಿದ್ದ ಬಿಳಿ ತುಂಡುಗಳ ನಡುವೆ ಕುಳಿತು ಅವರ ಜೊತೆ ಅತ್ತೆ. ಕೆಲಸದಿಂದ ಬಂದ ಅವ್ವನಿಗೆ ಕಂಡದ್ದು ಈ ದೃಶ್ಯ.

ಚಾಚಿ ಹೋದ ಮೇಲೆ ಅವ್ವ ಬೆನ್ನಿಗೆ ಬೆನ್ನು ಅಂಟಿದ್ದ ಏಪ್ರನ್ನುಗಳನ್ನು ಎತ್ತಿ ಹಿಡಿದು, ಇದು ಯಾವ ರೋಗದವರಿಗೆ ಎಂದು ಕೇಳಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪರಿಚಯದಿಂದ ಹಿಡಿದು ಮದುವೆ ಬಟ್ಟೆಗಳವರೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಬಟ್ಟೆಯ ಅಂಚನ್ನು ಉಗುರಿನಿಂದ ತೀಡುತ್ತ ಕುಳಿತಳು.

"ಇರ್ಲಿ ಬಿಡು," ಎಂದಳು. "ನಿನ್ನ ಕಾಲೇಜಿನ್ಯಾಗಾದ್ರೂ ಇರ್ಲಿ ಅವ್ರು."

ಆಮೇಲೆ ಬ್ಲೇಡು ತಂದು ಹೊಲಿಗೆ ಬಿಚ್ಚಲು ಕುಳಿತಳು. ಅವ್ವನಿಗೆ ಮಶೀನು ತುಳಿಯಲು ಬರುವುದಿಲ್ಲ. ಅಪ್ಪ ಹೊಲಿದದ್ದಕ್ಕೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಮಾಡುವುದು ಅವಳ ಪಾಲಿನ ಕೆಲಸವಾಗಿತ್ತು. ರಜೆ ಮುಗಿಯುವವರೆಗೆ ಇಬ್ಬರೂ ಕೈಸೂಜಿ ಹಿಡಿದು ಅವುಗಳ ಪ್ರಾಣ ಉಳಿಸಲು ಹೋರಾಡಿದೆವು. ಕೆಲವು ಬದುಕಿದವು. ಕತ್ತರಿಸಿದ್ದು ಕತ್ತರಿಸಿದ್ದೇ, ಅದನ್ನು ಮತ್ತೆ ಉದ್ದ ಮಾಡುವ ವಿದ್ಯೆ ಅವ್ವನ ಬಳಿಯೂ ಇರಲಿಲ್ಲ. ತೀರ ಮೋಟಾದ ಏಪ್ರನ್ನನ್ನು ನಾನಿಟ್ಟುಕೊಂಡು, ನನ್ನದನ್ನು ಅದರ ಒಡತಿಗೆ ಕೊಡುವುದು ಎಂದು ತೀರ್ಮಾನವಾಯಿತು.

ಹಾಸ್ಟೆಲಿನಲ್ಲಿ ಹುಡುಗಿಯರು ಚೀಲಕ್ಕೆ ಮುತ್ತಿದರು. ಹಾಕಿಕೊಂಡರು. ಶ್ರೀಜಾ ಎರಡೂ ಕೈ ಮುಂದೆ ಚಾಚಿ, ಒಂದು ತೋಳನ್ನೂ ಇನ್ನೊಂದನ್ನೂ ನೋಡಿ, ಪರವಾಗಿಲ್ಲ, ಮಡಚಿಕೊಂಡರೆ ಗೊತ್ತಾಗುವುದಿಲ್ಲ ಎಂದಳು. ಎಲ್ಲರೂ ಒಳ್ಳೆಯ ಮನೆಯ ಹುಡುಗಿಯರು, ಯಾರೂ ದೂರಲಿಲ್ಲ. ಪಕ್ಕದ ರೂಮಿನವಳೊಬ್ಬಳು ಮಾತ್ರ ನನ್ನ ಹತ್ತಿರ ಬಂದು, ನಿಜವಾದ ಕಾಳಜಿಯಿಂದ, ನಿಮ್ಮ ತಂದೆಯವರಿಗೆ ವಯಸ್ಸಾಗಿರಬೇಕು, ಒಮ್ಮೆ ಇಲ್ಲಿಗೆ ಕರೆಸು, ಕಣ್ಣಿನ ವಿಭಾಗದಲ್ಲಿ ತೋರಿಸೋಣ, ಕೈ ನಡುಗುತ್ತದೆಯೇ ಎಂದೂ ಕೇಳು ಎಂದಳು.

ಸುಳ್ಳನ್ನು ಅಷ್ಟು ದಿನ ಹೊತ್ತು ತಿರುಗಿದವಳು ನಾನು. ಈ ಮಾತನ್ನು ಹೊರಲಾಗಲಿಲ್ಲ.

"ನಮ್ಮ ಅಪ್ಪನ ಕೈ ಯಾವತ್ತೂ ನಡುಗಿಲ್ಲ," ಎಂದೆ. "ಅವರು ಹೊಲಿದ ಅಂಗಿಯ ಒಳಗಡೆ ತಿರುಗಿಸಿ ನೋಡಿದರೂ ಹೊಲಿಗೆ ಗೆರೆ ಎಳೆದಂತಿರುತ್ತಿತ್ತು. ಇದನ್ನು ಹೊಲಿದವಳು ನಾನು. ಅಪ್ಪ ಇಲ್ಲ. ಬೇಸಿಗೆಯ ಕೊನೆಗೆ ತೀರಿಕೊಂಡರು."

ಆ ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಶ್ರೀಜಾ ಮಂಚದ ಮೇಲೆ ನನ್ನ ಪಕ್ಕ ಬಂದು ಕುಳಿತಳು. ಕಣ್ಣು ಒರೆಸಲು ಏನೂ ಸಿಗದೆ ನಾನು ಅವಳ ಏಪ್ರನ್ನಿನ ಉದ್ದ ತೋಳನ್ನು ಎಳೆದುಕೊಂಡೆ. ಅದು ಉಪಯೋಗಕ್ಕೆ ಬಂದದ್ದು ಅಷ್ಟಕ್ಕೆ.

ಮರುದಿನ ಎಲ್ಲರೂ ಅದೇ ಏಪ್ರನ್ನುಗಳನ್ನು ಹಾಕಿಕೊಂಡು, ದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿಗೆ ಬಂದರು. ಬೇಡ, ಬಜಾರಿನಲ್ಲಿ ಸರಿಮಾಡಿಸಿ ಎಂದು ನಾನು ಕೈಮುಗಿದರೂ ಕೇಳಲಿಲ್ಲ. ನನ್ನದು ಸೊಂಟದ ಹತ್ತಿರವೇ ಮುಗಿದಿತ್ತು. ಮೇಡಂ ಮೇಜಿನಿಂದ ಮೇಜಿಗೆ ಬರುತ್ತ ನಮ್ಮ ಬಳಿ ನಿಂತರು. ಶ್ರೀಜಾಳ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಕನ್ನಡಕ ಏರಿಸಿ ಹೊಲಿಗೆಯನ್ನು ನೋಡಿದರು. ಇದು ಯಾರ ಕೈಕೆಲಸ ಎಂದು ಕೇಳಿದರು. ನಾನು ಕೈ ಎತ್ತಿದೆ.

ಮೇಡಂ ನನ್ನನ್ನು ನೋಡಿದರು, ಮೇಜಿನ ಮೇಲೆ ಮಲಗಿದ್ದ ದೇಹವನ್ನು ನೋಡಿದರು.

"ಇವತ್ತು ನೀನು ಏನನ್ನೂ ಮುಟ್ಟಬೇಡಮ್ಮ," ಎಂದರು. "ದೂರ ನಿಂತು ನೋಡು."

ನಿಂತು ನೋಡಿದೆ.