ಪ್ರಥಮ ದರ್ಜೆಯ ತಿರಸ್ಕಾರ

ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದು ಗೌರವದ ಸಂಗತಿ. ಅಲ್ಲಿ ಸೀಟು ಸಿಗದಿರುವುದೂ ಗೌರವದ ಸಂಗತಿಯೇ, ಆದರೆ ಅದಕ್ಕೆ ತಗಲುವ ಖರ್ಚು ಕಡಿಮೆ. ಹೀಗಾಗಿ ಆ ಊರಿನ ಸಂಬಳದಾರರು ತಮ್ಮ ಮಕ್ಕಳನ್ನು ಚಿಕ್ಕಂದಿನಿಂದಲೇ ತಿರಸ್ಕಾರಕ್ಕೆ ತಯಾರು ಮಾಡುತ್ತಿದ್ದರು.

ವಿಶ್ವವಿದ್ಯಾಲಯವೂ ಸಾರ್ವಜನಿಕರ ಬೇಡಿಕೆಯನ್ನು ಮನ್ನಿಸಿ ತಿರಸ್ಕಾರ ವಿಭಾಗವೊಂದನ್ನು ತೆರೆದಿತ್ತು. ಅರ್ಜಿಯಲ್ಲೇ ಹೊರಬಿದ್ದವರಿಗೆ ತೃತೀಯ ದರ್ಜೆ, ಲಿಖಿತ ಪರೀಕ್ಷೆ ದಾಟಿ ಹೊರಬಿದ್ದವರಿಗೆ ದ್ವಿತೀಯ, ಸಂದರ್ಶನದ ಕುರ್ಚಿಯಲ್ಲಿ ಕೂತು ಎದ್ದುಬಂದವರಿಗೆ ಪ್ರಥಮ. ಬಸ್ ಡಿಪೋ ಹಿಂದಿನ ಅಗ್ಗದ ಎಂಜಿನಿಯರಿಂಗ್ ಕಾಲೇಜು ಈ ಪೈಕಿ ಯಾವುದೂ ಇಲ್ಲದವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. “ನಮ್ಮ ವಿದ್ಯಾರ್ಥಿಗಳೆಲ್ಲರೂ ದೊಡ್ಡ ವಿಶ್ವವಿದ್ಯಾಲಯದಿಂದ ತಿರಸ್ಕೃತರು” ಎಂದು ಅದರ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಲಾಗಿತ್ತು.

ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವ ಕೆಲಸದಲ್ಲಿದ್ದ ತಾಯಿಯೊಬ್ಬಳ ಮಗಳು ಈ ಡಿಪೋ ಹಿಂದಿನ ಕಾಲೇಜಿಗೇ ಸೇರಬೇಕೆಂದು ಪಟ್ಟು ಹಿಡಿದಿದ್ದಳು. ಮನೆಯಲ್ಲಿ ತಿರುಪು ಇರುವ ಯಾವ ವಸ್ತುವನ್ನೂ ಬಿಚ್ಚದೆ ಬಿಟ್ಟವಳಲ್ಲವಾದ್ದರಿಂದ ಎಲ್ಲರೂ ಅವಳನ್ನು ತಿರುಪು ಎಂದೇ ಕರೆಯುತ್ತಿದ್ದರು. ದೊಡ್ಡ ವಿಶ್ವವಿದ್ಯಾಲಯದ ಲೇತ್ ಯಂತ್ರ ಗಾಜಿನ ಪೆಟ್ಟಿಗೆಯಲ್ಲಿತ್ತು. ಮುಂದೆ ‘ಮುಟ್ಟಬಾರದು’ ಎಂಬ ಹಿತ್ತಾಳೆ ಫಲಕ. ಡಿಪೋ ಹಿಂದಿನ ಕಾಲೇಜಿನದು ಹಗಲೆಲ್ಲ ಕಿರುಗುಟ್ಟುತ್ತ ಎಣ್ಣೆ ಕಾರುತ್ತಿತ್ತು. ಕಿಟಕಿಯಲ್ಲಿ ಇಣುಕಿ ಅದನ್ನು ಕಂಡುಬಂದ ದಿನ ತಿರುಪುವಿಗೆ ಊಟವೇ ಸೇರಲಿಲ್ಲ.

ತರಬೇತಿಯ ಹೊಣೆಯನ್ನು ಸೋದರಮಾವ ಹೊತ್ತ. ಅವನದು ತೃತೀಯ ದರ್ಜೆಯ ತಿರಸ್ಕಾರ. ಅದಕ್ಕೂ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದ.

“ನೋಡು ತಿರುಪು, ಸಂದರ್ಶನದ ತನಕ ಜಾಣೆಯಾಗಿರು. ಒಳಗೆ ಹೋದ್ಮೇಲೆ ಬಾಯಿಗೆ ಬಂದಿದ್ದು ಹೇಳಿ ಎದ್ದು ಬಾ. ನಮ್ಮ ವಂಶದಲ್ಲೇ ಮೊದಲ ಪ್ರಥಮ ದರ್ಜೆ ನಿಂದು.”

ಅನಾಹುತವಾದದ್ದು ಒಳಗೆ ಹೋದ ಮೇಲೆಯೇ. ನರೆತ ಗಡ್ಡದ ಪ್ರೊಫೆಸರು “ಸೇತುವೆ ಯಾಕೆ ನಿಂತಿರುತ್ತೆ?” ಎಂದು ಕೇಳಿದರು.

“ಇನ್ನೂ ಬಿದ್ದಿಲ್ಲ, ಅದಕ್ಕೇ ಸಾರ್.”

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಆಳವಾದ ಉತ್ತರ ಆ ಕೋಣೆಯಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ. ಒಂದು ವಾರದೊಳಗೆ ಸೀಟು ಮನೆಬಾಗಿಲಿಗೇ ಬಂತು.

ಪತ್ರದಲ್ಲಿ ಶುಲ್ಕದ ಅಂಕಿ ಒಂದು ಸಾಲಿನಲ್ಲಿ ಹಿಡಿಸದೆ ಎರಡನೇ ಸಾಲಿಗೆ ಇಳಿದಿತ್ತು. ಪಕ್ಕದ ಮನೆಯಾಕೆ ಬಂದು, “ನಿಮ್ಮ ಹುಡುಗಿ ಅಂಥವಳು ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ. ಧೈರ್ಯ ತಂದ್ಕೊಳ್ಳಿ” ಎಂದು ಕೈ ಹಿಡಿದುಕೊಂಡಳು. ಮಾವ ತಲೆ ಮೇಲೆ ಕೈಹೊತ್ತು ಕೂತ.

“ಅಮ್ಮ, ಗಾಜಿನ ಪೆಟ್ಟಿಗೆ ನೋಡ್ಕೊಂಡು ನಾಲ್ಕು ವರ್ಷ ಹೇಗಮ್ಮ ಕಳೀಲಿ?” ಎಂದ ತಿರುಪು ಗೋಡೆಯ ಕಡೆ ಹೊರಳಿದಳು. ರೈಲು ತಡವಾದರೂ ರದ್ದಾದರೂ ಒಂದೇ ದನಿಯಲ್ಲಿ ಹೇಳಿ ರೂಢಿಯಿದ್ದ ತಾಯಿ ಅವತ್ತು ಶುಲ್ಕದ ಅಂಕಿಯನ್ನು ಮೂರು ಸಲ ಮೂರು ದನಿಯಲ್ಲಿ ಓದಿದಳು.

ಮರುದಿನ ಅವಳು ಡಿಪೋ ಹಿಂದಿನ ಕಾಲೇಜಿನ ಪ್ರಿನ್ಸಿಪಾಲರ ಮುಂದೆ ಕೂತಳು. “ದೊಡ್ಡವರೇ ಆರಿಸಿದ್ದಾರೆ ಅಂದ್ಮೇಲೆ ಹುಡುಗಿ ಚುರುಕೇ ಇರ್ಬೇಕಲ್ವಾ ಸಾರ್? ನೀವೇ ಸೇರಿಸ್ಕೊಳ್ಳಿ.”

“ಚುರುಕಿರಬಹುದಮ್ಮ. ಆದ್ರೆ ಅರ್ಹತೆ? ತಿರಸ್ಕಾರವೇ ಇಲ್ಲದವರನ್ನ ತಗೊಂಡ್ರೆ ನಮ್ಮ ಮಟ್ಟ ಏನಾಗ್ಬೇಕು?”

ಅಲ್ಲಿಂದ ನೇರವಾಗಿ ತಿರಸ್ಕಾರ ವಿಭಾಗಕ್ಕೆ. “ಈ ಸೀಟು ನಮಗೆ ಬೇಡ” ಎಂದಳು.

ಗುಮಾಸ್ತ ಕನ್ನಡಕ ತೆಗೆದ. “ಅಂದ್ರೆ ನೀವು ನಮ್ಮನ್ನ ತಿರಸ್ಕರಿಸ್ತೀರಾ? ಅದಕ್ಕೆ ಇಲ್ಲಿ ವಿಭಾಗವೇ ಇಲ್ಲಮ್ಮ.”

“ಹಾಗಾದ್ರೆ ನಾನೇನ್ಮಾಡ್ಲಿ?”

ಮನುಷ್ಯ ಒಳ್ಳೆಯವನು. ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಅಭ್ಯರ್ಥಿಗೆ ಅಗತ್ಯಕ್ಕಿಂತ ಹೆಚ್ಚು ನ್ಯಾಯ ಸಿಕ್ಕಿದೆ ಅಂತ ದೂರು ಕೊಡಿ. ಮರುಸಂದರ್ಶನ ಇಡ್ತಾರೆ. ಇದುವರೆಗೆ ಯಾರೂ ಕೊಟ್ಟಿಲ್ಲ, ಆದ್ರೆ ನಿಯಮ ಇದೆ.”

ತಾಯಿ ಮಗಳ ಮೇಲೆ ದೂರು ಕೊಟ್ಟಳು. ಮಂಡಳಿ ಮತ್ತೆ ಸೇರಿತು. ದೂರನ್ನು ಬಾಯಿಮಾತಿನಲ್ಲೇ ವಿವರಿಸಬೇಕೆಂದಾಗ ಗಾಬರಿಯಲ್ಲಿ ಅವಳಿಗೆ ನಿಲ್ದಾಣದ ದನಿಯೇ ಬಂದುಬಿಟ್ಟಿತು: “ದಯವಿಟ್ಟು ಗಮನಿಸಿ. ಈ ಮಂಡಳಿಯಿಂದ ಹೊರಡಬೇಕಾಗಿದ್ದ ತಿರಸ್ಕಾರವು ತಾಂತ್ರಿಕ ಕಾರಣಗಳಿಂದ ತಡವಾಗಿದೆ. ಉಂಟಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ.” ಸದಸ್ಯರೆಲ್ಲ ಒಮ್ಮೆಲೇ ಗಡಿಯಾರ ನೋಡಿಕೊಂಡರು. ಒಬ್ಬರು ಚೀಲವನ್ನೂ ಎತ್ತಿಕೊಂಡರು.

ತಿರುಪುವನ್ನು ಒಳಗೆ ಕರೆದರು. ಈ ಸಲ ಮಾವ ಏನೂ ಹೇಳಿಕೊಟ್ಟಿರಲಿಲ್ಲ.

“ನೀನು ಎಂಜಿನಿಯರಿಂಗ್ ಯಾಕಮ್ಮ ಓದ್ಬೇಕು?” ಎಂದರು ಪ್ರೊಫೆಸರು.

“ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಕಲಿಯೋಕೆ ಸಾರ್.”

ಮಂಡಳಿಯವರು ಪೆನ್ನು ಕೆಳಗಿಟ್ಟರು. ಉಳಿದ ಅಭ್ಯರ್ಥಿಗಳೆಲ್ಲ ಸಂಸ್ಥೆಯ ಘನತೆ, ಗಡಿಯಾರ ಗೋಪುರದ ಎತ್ತರ, ಹಳೆಯ ವಿದ್ಯಾರ್ಥಿಗಳ ಹುದ್ದೆ ಇವನ್ನೇ ಕಾರಣವಾಗಿ ಕೊಟ್ಟಿದ್ದರು.

“ಕಲಿಯೋಕಾ?” ಕುಲಪತಿಗಳು ನೊಂದುಕೊಂಡು ಕೇಳಿದರು. “ಬರೀ ಕಲಿಯೋಕಾ?”

“ಹೌದು ಸಾರ್.”

ನಿರ್ಣಯ ಅವಿರೋಧ. ಪ್ರಥಮ ದರ್ಜೆ, ಅದೂ ವಿಶೇಷ ಶ್ರೇಣಿಯಲ್ಲಿ.

ತಿರಸ್ಕಾರ ಪ್ರದಾನ ಸಮಾರಂಭದಲ್ಲಿ ಕಪ್ಪು ನಿಲುವಂಗಿ ತೊಟ್ಟ ತಿರುಪು ವೇದಿಕೆ ಹತ್ತಿದಾಗ ಮಾವ ಬಿಕ್ಕಿಬಿಕ್ಕಿ ಅತ್ತ. ಕುಲಪತಿಗಳು ಅವಳ ಕೈಕುಲುಕಿ, ಇಂಥವರನ್ನು ಕಳೆದುಕೊಳ್ಳಲು ಸಂಸ್ಥೆ ಹೆಮ್ಮೆಪಡುತ್ತದೆ ಎಂದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಜನ ಚದುರುವಾಗ ಪ್ರೊಫೆಸರು ತಾಯಿಯನ್ನು ಕಂಬದ ಮರೆಗೆ ಕರೆದರು.

“ನನ್ನ ಮಗನೂ ಡಿಪೋ ಹಿಂದಿನ ಕಾಲೇಜಿಗೇ ಸೇರ್ತಿದ್ದಾನಮ್ಮ. ಅಲ್ಲಿ ಪಾಠ ಮಾಡ್ತಾರಂತೆ.” ಗಡ್ಡ ಸವರಿಕೊಂಡರು. “ಇಷ್ಟು ವರ್ಷ ಇಲ್ಲಿ ದುಡಿದೆ. ಎಷ್ಟು ಓಡಾಡಿದ್ರೂ ಅವನಿಗೆ ದ್ವಿತೀಯ ದರ್ಜೆ ತಿರಸ್ಕಾರವೇ ಕೊಡಿಸೋಕಾಗಿದ್ದು. ಮನೇಲಿ ಮುಖ ತೋರ್ಸೋಕಾಗ್ತಿಲ್ಲ.”

ತಾಯಿ ಸಮಾಧಾನ ಹೇಳಿದಳು. “ಬೇಜಾರು ಮಾಡ್ಕೋಬೇಡಿ ಸಾರ್. ಹುಡುಗ ಮನಸ್ಸಿಟ್ಟು ಓದಿದ್ರೆ ಎಂ.ಟೆಕ್‌ಗೆ ಮತ್ತೆ ಇಲ್ಲೇ ಅರ್ಜಿ ಹಾಕಿದಾಗ ಪ್ರಥಮ ದರ್ಜೆ ಸಿಕ್ಕೇ ಸಿಗುತ್ತೆ.”

ಪ್ರೊಫೆಸರರ ಮುಖ ಅರಳಿತು. ಆ ದಾರಿ ಅವರಿಗೆ ಹೊಳೆದೇ ಇರಲಿಲ್ಲ.